ತಲೆಯ ಅಳತೆ

ಕ್ಯೋಟೋದ ಪಡುವಣ ಅಂಚು, ಉಜುಮಾಸಾ.
ಸ್ಟುಡಿಯೋದ ಹಿಂಬಾಗಿಲಿಗೆ ಆತುಕೊಂಡ ಶೆಡ್ಡಿನಲ್ಲಿ
ತಾಮ್ರದ ತಗಡು ಬಡಿಯುತ್ತ ಕೂತಿದ್ದೇನೆ
ಐವತ್ತೆಂಟು ವರ್ಷ.
ಮೊದಲು ಅಪ್ಪ ಬಡಿಯುತ್ತಿದ್ದ,
ನಾನು ಸುತ್ತಿಗೆ ಎತ್ತಿ ಕೊಡುತ್ತಿದ್ದೆ.

ವಿಗ್ಗೆಂದರೆ ಕೂದಲು ಅಂದುಕೊಂಡಿದ್ದೀರಿ.
ಒಳಗೊಂದು ತಾಮ್ರದ ಬೋಗುಣಿ ಇರುತ್ತದೆ ಸ್ವಾಮಿ,
ಒಬ್ಬನ ತಲೆಗೆ ಕೂತದ್ದು ಇನ್ನೊಬ್ಬನಿಗೆ ಕೂರದು.
ಎಳೆಯಷ್ಟು ಆಚೀಚೆಯಾದರೂ
ಮಧ್ಯಾಹ್ನದೊಳಗೆ ಹಣೆ ಸಿಡಿಯುತ್ತದೆ,
ಕತ್ತಿ ಎತ್ತಿದವನು ಮಾತು ಮರೆತು ನಿಲ್ಲುತ್ತಾನೆ.

ಜನ ತಲೆಮಾರು ಎನ್ನುವುದನ್ನು
ನಾನು ಗೋಡೆಯ ಮೊಳೆಗಳಲ್ಲಿ ಎಣಿಸುತ್ತೇನೆ.
ಬೋಗುಣಿಯ ಒಳಮೈಗೆ ಅಪ್ಪನ ಕೈಯಲ್ಲಿ ಹೆಸರು:
ಹಯಾಸೆ ಕಾನ್‌ಜಿರೋ. ಮೂಕಿಚಿತ್ರದ ರಾಜ.
ಪರದೆಗೆ ಮಾತು ಬಂದ ದಿನ ಅವನ ಕೀರಲು ದನಿಗೆ
ಥಿಯೇಟರಿಗೆ ಥಿಯೇಟರೇ ನಕ್ಕಿತಂತೆ;
ಆಮೇಲೆ ಹದಿನೇಳು ವರ್ಷ ಮೌನವ್ರತದ ಸನ್ಯಾಸಿ.
ಪಕ್ಕದ್ದು ನಿಶಿಗೋರಿ ಫುಕಿ.
ಒಬ್ಬನೇ ನಾಯಕನಿಗೆ ಪ್ರೇಯಸಿಯಾದಳು, ಅತ್ತಿಗೆಯಾದಳು,
ಹತ್ತೇ ವರ್ಷದಲ್ಲಿ ಹೆತ್ತ ತಾಯಿಯಾದಳು.
ಅವನಿಗೆ ಮಾತ್ರ ಇಪ್ಪತ್ತೈದು ದಾಟಲೇ ಇಲ್ಲ.

ಕುರೆಬಾಯಾಶಿ ಸೋಹೇ ಬಂದದ್ದು ಹತ್ತೊಂಬತ್ತಕ್ಕೆ,
ನೋತೋ ಕಡಲಂಚಿನ ಬೆಸ್ತರ ಹುಡುಗ.
ಬೂಟಿನೊಳಗೆ ಕಾಲುಚೀಲವಿರಲಿಲ್ಲ.
ಎಡಗಿವಿಯ ಹಿಂದೆ ಹುರುಳಿಕಾಳು ಕೂರುವಷ್ಟು ಗುಳಿ:
ದೋಣಿಯಲ್ಲಿ ಜಗಳವಾಗಿ ಅಣ್ಣ ಹುಟ್ಟಿನಿಂದ ಬಾರಿಸಿದ್ದು.
ಮೊದಲ ಚಿತ್ರದಲ್ಲಿ ಎಲ್ಲರಿಗಿಂತ ಮೊದಲು ಸತ್ತ.
ಮೂರನೆಯದರಲ್ಲಿ ಏಳನೆಯವನಾಗಿ.
ಇಲ್ಲಿ ಬಡ್ತಿಯೆಂದರೆ ತಡವಾಗಿ ಸಾಯುವುದು.
ಒಂದು ಸಲ ಸಾಯದೆ ಉಳಿದುಬಿಟ್ಟ,
ಪೋಸ್ಟರಿನ ತುಂಬ ಅವನ ಮುಖ.

ಹೆಸರು ಬಂದರೆ ತಲೆಗೇರುತ್ತದೆ ಅನ್ನುತ್ತಾರೆ.
ಅಳೆದು ನೋಡಿದವಳು ನಾನು.
ಐವತ್ತೇಳೂವರೆ ಸೆಂಟಿಮೀಟರ್,
ಹಿಂದಿನ ವರ್ಷದಷ್ಟೇ.

ಟೀವಿ ಬಂತು. ಎರಡನೇ ಫ್ಲೋರನ್ನು
ಬೌಲಿಂಗ್ ಆಟದವರಿಗೆ ಬಾಡಿಗೆಗೆ ಕೊಟ್ಟರು.
ಇವನು ಇಲ್ಲಿ ಒಡೆಯನ ಹೆಣದ ಮುಂದೆ ಮಂಡಿಯೂರಿದ್ದರೆ
ಗೋಡೆಯಾಚೆ ಚೆಂಡು ಉರುಳಿ ಕೇಕೆ.
ಹೊಟ್ಟೆನೋವಿನ ಗುಳಿಗೆಗೂ ಜಾಹೀರಾತು ಮಾಡಿದ.
ಸೋಮವಾರ ಸೋಮವಾರ ನ್ಯಾಯಾಧೀಶನಾಗಿ
ಇಪ್ಪತ್ತೆರಡು ವರ್ಷ ಒಂದೇ ತೀರ್ಪು ಕೊಟ್ಟ.

ಮೂವತ್ತರಲ್ಲಿ ಅವನಿಗೆ ಮುದುಕನ ಪಾತ್ರ:
ಚಮರೀಮೃಗದ ಬಾಲದ ಬಿಳಿಗೂದಲು ಹೊಲಿದುಕೊಟ್ಟೆ.
ಅರವತ್ತರಲ್ಲಿ ಕರಿಗೂದಲು.
ಇವೆರಡರ ನಡುವೆ ಎಲ್ಲೋ
ಅವನದೇ ಕೂದಲು ನರೆತು, ಉದುರಿ ಹೋಯಿತು.
ಯಾವ ಕ್ಯಾಮೆರಾವೂ ಅದನ್ನು ಕಾಣಲಿಲ್ಲ.
ನಾನು ಕಂಡೆ. ಕಂಡೂ ಸುಮ್ಮನೆ ಒಳಗೊಂದು ಬಟ್ಟೆ ಪದರ ಹಚ್ಚಿದೆ.
ಅವನೂ ಏನೂ ಕೇಳಲಿಲ್ಲ,
ಮರುದಿನ ಒಂದು ಕಟ್ಟು ಒಣಮೀನು ಇಟ್ಟು ಹೋದ.

ಹೋದ ಚಳಿಗಾಲ ಹೊಸ ಕ್ಯಾಮೆರಾ ಬಂತು.
ಬೆವರಿನ ಹನಿಯೊಳಗಿನ ದೀಪವೂ ಕಾಣುತ್ತದಂತೆ ಅದರಲ್ಲಿ.
ಹಣೆಯ ಮೇಲಿನ ಅಂಟಿನ ಗೆರೆ ಕಂಡಿತು.
ಟೋಕಿಯೋದಿಂದ ಬಂದ ನಿರ್ದೇಶಕಿ, ಸಣ್ಣ ವಯಸ್ಸು,
‘ಚಿಂತೆಯಿಲ್ಲ, ಕಂಪ್ಯೂಟರಿನಲ್ಲಿ ಒರೆಸಿಬಿಡುತ್ತೇವೆ’ ಎಂದಳು.
ಕನ್ನಡಿಯಲ್ಲಿ ತುಂಬ ಹೊತ್ತು ನೋಡಿಕೊಂಡ ಅವನು.
‘ಬೇಡಮ್ಮ. ಗೆರೆಯ ಕೆಳಗಿನದು ನನ್ನದು,
ಮೇಲಿನದು ಆ ಶೆಡ್ಡಿನದು.
ಇಬ್ಬರೂ ಇರಲಿ.’

ಒರೆಸಿದರು.
ಟಿಕೆಟ್ಟು ಕೊಂಡು ಹೋಗಿ ನೋಡಿದೆ.
ನುಣ್ಣನೆಯ ಹಣೆ, ಯಾರದೋ.

ಈಗ ಅವನು ಬರುವುದಿಲ್ಲ. ಮೊಣಕಾಲು ಕೈಕೊಟ್ಟಿದೆ.
ಬೋಗುಣಿ ಮೊಳೆಯಲ್ಲೇ ಇದೆ.
ಎಡಗಡೆ ಬೆರಳಾಡಿಸಿದರೆ
ಬೇಕೆಂದೇ ಬಡಿದುಕೊಟ್ಟ ಆ ಗುಳಿ ಸಿಗುತ್ತದೆ,
ಅಣ್ಣನ ಹುಟ್ಟು ತಾಗಿದ ಜಾಗ.

ಬಾಗಿಲಲ್ಲಿ ಯಾರೋ ಹುಡುಗ, ಕಿವಿಯಲ್ಲಿ ವೈರು.
ಬಾರಪ್ಪ, ಕೂತುಕೋ. ತಲೆ ಅಲ್ಲಾಡಿಸಬೇಡ.
ಇವತ್ತು ಎಷ್ಟನೆಯವನಾಗಿ ಸಾಯುತ್ತೀ?