ಇಪ್ಪತ್ತಮೂರನೆಯ ಸಾಲು

ಮಾಸ್ಟ್ರಿಕ್ಟ್‌ನಲ್ಲಿ ಇನ್ನೂ ಬೆಳಗಾಗಿಲ್ಲ, ನದಿಯ ಮೇಲೆ ಮಂಜು.
ವೀಟ್ಸ್ಕೆ ಹೆಸರುಗಳನ್ನು ಅಳಿಸುತ್ತಿದ್ದಾಳೆ.
ಗೋಪುರದ ಗಂಟೆ ನುಡಿಸುವವರಿಗೆ ಒಂದು,
ನುಡಿಸದವರಿಗೆ ಸೊನ್ನೆ.
ವಯಸ್ಸಿನ ಕಾಲಂನಲ್ಲಿ ಯಾರೋ ಹುಟ್ಟಿದ ವರ್ಷ ತುಂಬಿದ್ದಾರೆ,
ಗೊಣಗುತ್ತ ಕಳೆದು ತಿದ್ದುತ್ತಾಳೆ.

ಮಡಿಕೆ ಬಿದ್ದ ಮಿದುಳನ್ನು ಊದಿ ಊದಿ ಚೆಂಡು ಮಾಡಿ
ಒಬ್ಬರ ಕಣಿವೆ ಇನ್ನೊಬ್ಬರ ಕಣಿವೆಯ ಮೇಲೆ ಕೂರಿಸಬೇಕು:
ಮೂವತ್ತೆಂಟು ತಲೆ, ಒಂದೇ ಅಳತೆಯ ಟೊಪ್ಪಿ.
ತೊಗಟೆಯ ದಪ್ಪ ಎರಡೂವರೆ ಮಿಲಿಮೀಟರು.
ಹುಡುಕುವುದು ಅದರಲ್ಲೂ ಕೂದಲೆಳೆಯ ವ್ಯತ್ಯಾಸ.

ಇಪ್ಪತ್ತಮೂರರಲ್ಲಿ ಗೆರೆ ನಿಲ್ಲುವುದೇ ಇಲ್ಲ.
ಬೂದು ಬಿಳಿಯೊಳಕ್ಕೆ ಸೋರಿದೆ,
ಕೊಳಕ್ಕೆ ಕಲ್ಲು ಬಿದ್ದಂತೆ ಬಳೆಬಳೆ.

ನೆನಪಿದೆ ಅವಳಿಗೆ: ಮುದುಕ,
ಮುಷ್ಟಿಯ ಅಂಚು ಜಡ್ಡುಗಟ್ಟಿತ್ತು.
ಅಲುಗಬೇಡಿ ಅಂದಿದ್ದಳು, ಎರಡು ಸಲ.
ಹೊರಬಂದು ಕನ್ನಡಕ ಹುಡುಕುತ್ತ ಹೇಳಿದ್ದ:
"ನಿಮ್ಮ ಯಂತ್ರ ಮೂರು ಬಡಿದು ನಾಲ್ಕನೆಯದನ್ನು ನುಂಗುತ್ತೆ.
ಯಾರಾದರೂ ತುಂಬಬೇಕಲ್ಲ!"
ತಲೆಯಲ್ಲೇ ತುಂಬಿದ್ದ, ಇಡೀ ಆರು ನಿಮಿಷ.

ಕೈಬಿಡಲು ಕಾರಣವೇನು, ಕೇಳುತ್ತದೆ ಕೊನೆಯ ಕಾಲಂ.
ತಾಳ, ಎಂದು ಬರೆದು
ಅಳಿಸಿ
ಚಲನೆ, ಎಂದು ಬರೆಯುತ್ತಾಳೆ.

ಗಂಟೆಯವರು ಹದಿನೆಂಟು, ಮಿಕ್ಕವರು ಹತ್ತೊಂಬತ್ತು.
ಇನ್ನು ಹೋಲಿಸಬಹುದು,
ಅಲುಗದವರನ್ನು ಅಲುಗದವರ ಜೊತೆ.