ಹಾಜರಿ ಪುಸ್ತಕದ ಹಿಂದಿನ ಪುಟ

ಕಾಫಿ ಕಣದ ಸಿಮೆಂಟು ಮಧ್ಯಾಹ್ನ ಕೆಂಡ,
ಅದಕ್ಕೇ ಮಗು ತುದಿಗಾಲಲ್ಲಿ ನಡೆಯುತ್ತದೆ
ಅಂದುಕೊಂಡಿದ್ದೆ.
ರಾತ್ರಿ, ತಣ್ಣನೆಯ ಕೆಂಪು ನೆಲದ ಮೇಲೂ ಹಾಗೆಯೇ ನಡೆದ,
ಕೋಣೆಯಿಂದ ಕೋಣೆಗೆ,
ಯಾರನ್ನೂ ಎಬ್ಬಿಸಬಾರದು ಎಂಬಂತೆ.
ಎದ್ದೇ ಇದ್ದೆ ನಾನು.

ಬೆಳ್ಯಪ್ಪಾ ಎಂದರೆ ತಿರುಗುವುದಿಲ್ಲ.
ಕಿವಿಯೇ ಮಂದವೋ ಅಂದರೆ,
ಎರಡು ತೋಟದಾಚೆ ಪಲ್ಪರ್ ಶುರುವಾದದ್ದು
ನಮಗಿಂತ ಮೊದಲು ಇವನಿಗೆ ಗೊತ್ತು.
ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ;
ನನ್ನ ಮಣಿಕಟ್ಟು ಹಿಡಿದು ಎಳೆದೊಯ್ದು
ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಾನೆ,
ಇಕ್ಕಳ ಇಟ್ಟ ಹಾಗೆ.
ಹದಿನಾಲ್ಕು ತಿಂಗಳಿಗೆ 'ಅವ್ವ' ಅಂದಿದ್ದ.
ಹೂಮಳೆಗೆ ಬಂದ ಹೂವು, ನಾಲ್ಕು ದಿನ ಇತ್ತು,
ಕಾಯಿ ಕಚ್ಚಲಿಲ್ಲ.

ಇವನ ಅಜ್ಜನೂ ಬಾಯಿಬಿಟ್ಟದ್ದು ಐದಕ್ಕೆ, ಅತ್ತೆ.
ಮೊಬೈಲು, ನಾದಿನಿ.
ಬಸುರಿಯಲ್ಲಿ ಗ್ರಹಣ ನೋಡಿದೆಯಾ, ಎದುರು ಮನೆ.
ಮನೆಯಲ್ಲಿ ಕೊಡವ ತಕ್ಕ್, ಆಳುಗಳ ಬಳಿ ಕನ್ನಡ,
ಟೀವಿಯಲ್ಲಿ ಇಂಗ್ಲಿಷು,
ಮಗು ಪಾಪ ಯಾವುದನ್ನು ಹಿಡಿಯಬೇಕು?
ಇದನ್ನು ಮಾತ್ರ ನಂಬಿದೆ.
ನನ್ನ ಮಾತನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು
ಏಳು ತಿಂಗಳು ಅವನ ಜೊತೆ
ಪಠ್ಯಪುಸ್ತಕದ ಹಾಗೆ ಮಾತಾಡಿದೆ.

ಅಂಗನವಾಡಿಯ ಫಿಲೋಮಿನಾ ಟೀಚರ್ ಏನೂ ಅನ್ನಲಿಲ್ಲ.
ತೂಕ ಬರೆದುಕೊಂಡು, ಮೊಟ್ಟೆ ಕೊಟ್ಟು,
ಗೇಟಿನವರೆಗೆ ಬಂದು ಮೆಲ್ಲಗೆ,
"ನೀವೂ ನೋಡಿದ್ದೀರಲ್ಲಾ?"
ಆ 'ನೀವೂ' ಎಂಬುದರ ದೀರ್ಘಕ್ಕೆ
ಗೇಟಿನ ಕಂಬಿ ಹಿಡಿದು ಅತ್ತೆ.

ಕಂಡದ್ದನ್ನು ಬರೆದಿಡಿ ಅಂದರು.
ಕೈಗೆ ಸಿಕ್ಕಿದ್ದು ಆಳುಗಳ ಹಾಜರಿ ಪುಸ್ತಕ,
ಹಿಂದಿನ ಪುಟದಿಂದ ಶುರು ಮಾಡಿದೆ.
ಮಡಿಕೇರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪೂರ್ತಿ ಓದಿದರು,
ಕೊನೆಗೆ ಕುಳ್ಳಿಯ ಅರ್ಧ ದಿನದ ಬಾಕಿಯನ್ನೂ.
ಆಟಿಸಂ ಅಂದರು.
ನೀವು ಮಾಡಿದ್ದಲ್ಲ, ಮಾಡದೆ ಬಿಟ್ಟದ್ದೂ ಅಲ್ಲ ಅಂದರು.
ವಾಸಿಯಾಗುವುದು ಯಾವಾಗ, ಇವರು ಕೇಳಿದರು.
"ಇವನು ಬೆಳೆಯುತ್ತಾನೆ," ಅಂದರು,
ವಾಸಿ ಎಂಬ ಮಾತನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು.

ಮಂಗಳವಾರ ಏಳೂ ನಲವತ್ತರ ಬಸ್ಸು.
ವಿರಾಜಪೇಟೆ, ಬೇಕರಿಯ ಮೇಲಿನ ಎರಡು ಕೋಣೆ.
ಸಫೂರಾ ನೆಲದ ಮೇಲೆ ಕೂತು,
ಇವನು ಆಟದ ಜೀಪು ಮಗುಚಿ ಚಕ್ರ ತಿರುಗಿಸಿದರೆ
ಇನ್ನೊಂದು ಜೀಪಿನ ಚಕ್ರ ತಾನೂ ತಿರುಗಿಸಿದಳು,
ಇಪ್ಪತ್ತು ನಿಮಿಷ.
ಇದಕ್ಕೆ ಫೀಸೇ ಅಂದುಕೊಳ್ಳುವಷ್ಟರಲ್ಲಿ
ಇವನು ತಲೆಯೆತ್ತಿ
ಅವಳ ಚಕ್ರವನ್ನು ನೋಡಿದ. ಒಂದು ಸಲ.
ಹೊರಡುವಾಗ ಕೇಳಿದಳು, ನಿಮಗೆ ಕನಸು ಬೀಳುವ ಭಾಷೆ ಯಾವುದು?
ಅದರಲ್ಲೇ ಮಾತಾಡಿ ಇವನ ಜೊತೆ.
ಕಾಕೋಟುಪರಂಬು ಬರುವ ತನಕ ತಕ್ಕ್‌ನಲ್ಲಿ ಬಡಬಡಿಸಿದೆ,
ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಚಿಟ್ಟಿಯಪ್ಪಜ್ಜ,
ಇವನು ಹುಟ್ಟಿದ ದಿನ ಆಕಾಶಕ್ಕೆ ಗುಂಡು ಹೊಡೆದವರು,
ಈ ಪುತ್ತರಿಗೆ ಗದ್ದೆಗೆ ಇಳಿಯುವ ಮೊದಲು
ಕೋವಿ ಮುರಿದು ತೋಟಾ ತೆಗೆದು
ಕುಪ್ಯದ ಒಳಗೆ ಹಾಕಿಕೊಂಡರು.
ಯಾರೂ ಕೇಳಿರಲಿಲ್ಲ. ನಾನೂ.
ಮೊದಲ ಕದಿರು ಕೊಯ್ದಾಗ
ಪೊಲಿ ಪೊಲಿ ದೇವಾ, ಎಲ್ಲರೂ
ಮಲಗಿದ ಮಗುವಿನ ಮನೆಯಲ್ಲಿ ಅನ್ನುವ ಹಾಗೆ ಅಂದರು.
ಇವನು ಕದಿರಿನ ಮುಳ್ಳನ್ನು ಕೆನ್ನೆಗೆ ಸವರಿಕೊಂಡು ನಿಂತಿದ್ದ.

ಆದರೆ ಹುಣ್ಣಿಮೆ ನಮ್ಮೊಬ್ಬರದಲ್ಲವಲ್ಲ.
ತೋಡಿನಾಚೆಯ ಗದ್ದೆಯಿಂದ ಢಂ, ಮತ್ತೊಂದು ಢಂ.
ಕಿವಿ ಮುಚ್ಚಿ ಕೂಳೆಯ ಮೇಲೆ ಕುಸಿದ.
ಎಂಬತ್ತರ ಮಂಡಿ ಮಡಚಿ
ಅಜ್ಜ ಕೆಸರಿನಲ್ಲೇ ಕೂತರು,
ಆ ಪುಟ್ಟ ಅಂಗೈಗಳ ಮೇಲೆ ತಮ್ಮವನ್ನು ಇಟ್ಟು,
ಏನೂ ಹೇಳದೆ.

ಹಿಂದಿನ ಪುಟ, ರಾತ್ರಿ ಹನ್ನೊಂದು:
ಪುತ್ತರಿ. ಅತ್ತದ್ದು ಹನ್ನೆರಡು ನಿಮಿಷ.
ಹೋದ ವರ್ಷ, ಬೆಳಗಿನವರೆಗೆ.
ಕೂಳೆ ಚುಚ್ಚಿ ಎಡ ಮೊಣಕಾಲಿಗೆ ಗಾಯ.
ಅಜ್ಜನಿಗೂ.