ಶಿವರ್

ಬೈತ್‌ಕೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ನನಗೆ
ರಾತ್ರಿ ಪಾಳಿಗೆ ಜೊತೆ, ರದ್ದಿಯಲ್ಲಿ ಸಿಕ್ಕ
ರಟ್ಟು ಕಿತ್ತ ಇಂಗ್ಲಿಷ್ ನಿಘಂಟು.

ಶಿವರ್ ಅಂದರೆ ನಡುಕ. ಅಷ್ಟು ಗೊತ್ತಿತ್ತು.
ಕೆಳಗೆ ಸಣ್ಣಕ್ಷರ: ಮೂಲ ಖಚಿತವಿಲ್ಲ,
ದವಡೆ ಎಂಬ ಹಳೆಯ ಮಾತಿನಿಂದ ಬಂದಿರಬಹುದು.
(ನಮ್ಮ ನಡುಕದಲ್ಲಿ ನಡು ಕೇಳಿಸುತ್ತದೆ,
ಅವರದು ಬಾಯಲ್ಲೇ ಶುರು.)
ಅದರ ಕೆಳಗೆ ಅದೇ ಕಾಗುಣಿತ, ಬೇರೆಯೇ ಬೇರು:
ಚೂರು, ಸಿಬಿರು.

ಒಳಗೆ ಪುರ್ಸು ತಾಂಡೇಲನ ಕೊಡಲಿ
ದಿಮ್ಮಿಗೆ ಬಿದ್ದಾಗಲೆಲ್ಲ
ಎರಡನೆಯ ಅರ್ಥ ಸಿಡಿದು
ನನ್ನ ಮೇಜಿನ ಕಾಲಿಗೆ ಬಡಿಯುತ್ತಿತ್ತು.

ಮೂರು ಗಂಟೆಗೆ ಗೋಣಿ ಹೊದ್ದು ಹೊರಬಂದ.
ಅವನ ಹಿಂದೆಯೇ ಅಮೋನಿಯಾ ವಾಸನೆ.
"ಎಷ್ಟಾಯ್ತು?"
"ನ-ನಲ್-ನಲ್ವ..."
ಉಳಿದ ಸಂಖ್ಯೆಯನ್ನು ಹಲ್ಲುಗಳೇ ಅಗಿದವು.

ಕೂಲಿ ದಿಮ್ಮಿಗಿಷ್ಟು ಅಂತ.
ನಲವತ್ತೋ, ನಲವತ್ತೆಂಟೋ?
ಮತ್ತೆ ಕೇಳಲಿಲ್ಲ.
ಚಹದ ಲೋಟ ಕೈಗಿಟ್ಟೆ, ಅರ್ಧ ತುಳುಕಿತು.

ಪುಸ್ತಕದಲ್ಲಿ ನಲವತ್ತೆಂಟು ಎಂದು ಬರೆದೆ, ಶಾಯಿಯಲ್ಲಿ.
ಪಕ್ಕಕ್ಕೆ ಪೆನ್ಸಿಲಿನಿಂದ,
ನಿಘಂಟಿನಷ್ಟೇ ಸಣ್ಣ ಅಕ್ಷರದಲ್ಲಿ:
ಮೂಲ ಖಚಿತವಿಲ್ಲ.